ಕೆಳತುಂಡು ಅರ್ಧ ದಾಟಿದರೆ

ಜೂನ್ 2, ಸೋಮವಾರ. ಮಧ್ಯಾಹ್ನ 2.50

ಮಿಕ್ಸಿ ಸದ್ದಿಗೆ ಎಚ್ಚರ. ಮಗು ಮಲಗಿ ಹತ್ತು ನಿಮಿಷವಾಗಿತ್ತೋ ಇಲ್ಲವೋ. ನಾನು ಮಲಗಿ ಐದು. ಅಡುಗೆಮನೆಯಲ್ಲಿ ಅತ್ತೆ ಏನನ್ನೋ ಅರೆಯುತ್ತಿದ್ದರು — ಸದ್ದು ಕೇಳಿದರೆ ಕಲ್ಲನ್ನೇ ಇರಬೇಕು. ಮಗು ಎದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದ ಇವರೂ ಎದ್ದರು. ಅತ್ತೆ ಬಾಗಿಲಲ್ಲಿ ಬಂದು ನಿಂತು, ಎಲ್ಲರೂ ಎದ್ದೇ ಇದ್ದೀರಲ್ಲ, ಹಾಗಾದರೆ ಚಹಾ ಇಡುತ್ತೇನೆ ಎಂದರು.

ಈ ಮನೆಯಲ್ಲಿ ನಿದ್ದೆ ಎಂಬುದು ಒಂದೇ ಹೊದಿಕೆ, ಹೊದೆಯುವವರು ನಾಲ್ಕು ಜನ. ಒಬ್ಬರು ಎಳೆದುಕೊಂಡರೆ ಉಳಿದವರ ಕಾಲು ಹೊರಗೆ.

ಹೆರಿಗೆ ರಜೆ ಮುಗಿಯಿತು. ಇವತ್ತಿನಿಂದ ಮನೆಯಿಂದಲೇ ಕೆಲಸ. ನನ್ನ ಆಫೀಸ್ ಎಂದರೆ ಬಟ್ಟೆ ಒಗೆಯುವ ಮೆಷಿನ್ ಪಕ್ಕದ ಮೇಜು. ಮೆಷಿನ್ ಹಿಂಡಲು ಶುರು ಮಾಡಿದರೆ ಲ್ಯಾಪ್‌ಟಾಪಿಗೆ ಚಳಿಜ್ವರ. ಏಳು ತಿಂಗಳ ಮಗಳು ಮೇಜಿನ ಕೆಳಗೆ ಕೂತು ತಂತಿಗಳನ್ನು ಪರೀಕ್ಷಿಸುತ್ತಾಳೆ. ಇವರು ಅವಳಿಗಿಟ್ಟ ಹೆಸರು ಇನ್ಸ್‌ಪೆಕ್ಟರ್. ಯಾರನ್ನು ಕಂಡರೂ ಹುಬ್ಬು ಗಂಟಿಕ್ಕಿ ಮೇಲಿಂದ ಕೆಳಗೆ ನೋಡುತ್ತಾಳಲ್ಲ, ಅದಕ್ಕೆ.

ಅತ್ತೆ ಚಹಾ ತಂದು ಪರದೆಯ ಮುಂದೆಯೇ ನಿಂತರು. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾದರೂ ಪ್ರಶ್ನೆ ಕೇಳಿದರೆ ಸೀಟಿ ಊದಿದ ಹಾಗೆ. ಅಷ್ಟು ಹೊತ್ತು ಅದನ್ನೇ ನೋಡುತ್ತೀಯಲ್ಲ, ಅದರಲ್ಲೇನಿದೆ ಎಂದರು. ಹೇಳಿದೆ. ಜನ ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಚಿಪ್ಪಿಗೆ ತಿಳಿಯುವ ಅಪ್ಪಣೆಗಳಾಗಿ ಇಳಿಸುವುದು ಕಂಪೈಲರ್. ಅದರ ಕಟ್ಟಕಡೆಯ ಕೋಣೆ ಬ್ಯಾಕೆಂಡ್, ಅದು ನನ್ನದು. ಈಗ ಕೂತಿರುವುದು ಒಂದೇ ಕೆಲಸಕ್ಕೆ: ಒಂದು ಬೆಲೆಯನ್ನು, ಎಂದರೆ ಒಂದು ಅಂಕಿಯನ್ನು, ಚಿಪ್ಪಿನೊಳಗಿನ ನಿಶ್ಚಿತವಾದ ಒಂದು ಅಡ್ರೆಸ್ಸಿಗೆ ಸಾಗಿಸುವುದು. ಹೀಟರ್ ಸ್ವಿಚ್ಚು ಇಂಥ ಅಡ್ರೆಸ್ಸಿನಲ್ಲಿದೆ, ಅಲ್ಲಿ ಸೊನ್ನೆ ಹಾಕು. ಹೀಟರ್ ಆರುತ್ತದೆ.

"ಇಷ್ಟೇನಾ? ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಕೊಡುತ್ತಾರೆ ಅತ್ತೆ. ಏಕೆಂದರೆ ಚಿಪ್ಪಿನ ಒಂದು ಅಪ್ಪಣೆ ಎಷ್ಟು ಉದ್ದವೋ ಅಡ್ರೆಸ್ಸೂ ಅಷ್ಟೇ ಉದ್ದ. ಅಡ್ರೆಸ್ಸನ್ನೇ ತುಂಬಿಬಿಟ್ಟರೆ "ಹಾಕು" ಎನ್ನುವುದಕ್ಕೆ ಜಾಗವಿಲ್ಲ. ಮೂಗಿಗಿಂತ ಮೂಗುತಿ ಭಾರ. ಅದಕ್ಕೇ ಅಡ್ರೆಸ್ಸನ್ನು ಎರಡು ತುಂಡು ಮಾಡಿ, ಮೇಲ್ತುಂಡು ಒಂದು ಅಪ್ಪಣೆಯಲ್ಲಿ, ಕೆಳತುಂಡು ಇನ್ನೊಂದರಲ್ಲಿ ಕಳಿಸಬೇಕು.

ಮೂಗುತಿ ತನಕ ಕೇಳಿಸಿಕೊಂಡರು. ಆಮೇಲೆ ಹಾಲು ಉಕ್ಕಿತು.

ಜೂನ್ 3, ಮಂಗಳವಾರ. ಬೆಳಿಗ್ಗೆ 11

ರಜೆಯಲ್ಲಿ ನನ್ನ ಬ್ಯಾಕೆಂಡ್ ನೋಡಿಕೊಂಡವನು ಗಡ್ಡ. ಆಫೀಸಿನಲ್ಲಿ ಎಲ್ಲರಿಗೂ ಅವನು ಗಡ್ಡವೇ, ಅವನ ಅಮ್ಮನೂ ಹಾಗೇ ಕರೆಯುತ್ತಾರಂತೆ. ಪ್ರೋಗ್ರಾಂ ಉಬ್ಬಿ ಚಿಪ್ಪಿನಲ್ಲಿ ಹಿಡಿಸುತ್ತಿರಲಿಲ್ಲವಂತೆ. ಅದಕ್ಕೊಂದು ಉಪಾಯ ಮಾಡಿದ್ದಾನೆ. ನಾನು ಮಾಡುತ್ತಿದ್ದುದು ಮೂರು ಅಪ್ಪಣೆ: ಮೇಲ್ತುಂಡು ತಗೋ, ಕೆಳತುಂಡು ಕೂಡಿಸು, ಅಲ್ಲಿ ಬೆಲೆ ಹಾಕು. ಅವನದು ಎರಡು: ಮೇಲ್ತುಂಡು ತಗೋ, ಕೆಳತುಂಡಿನಷ್ಟು ದೂರದಲ್ಲಿ ಬೆಲೆ ಹಾಕು. ಪ್ರತಿ ಸಲ ಒಂದು ಅಪ್ಪಣೆ ಉಳಿತಾಯ. ಗ್ರಾಹಕರಿಗೆ ಹೋಗುವ ಬಿಲ್ಡಿನಲ್ಲಿ, ಎಂದರೆ ಕಂಪೈಲರ್ ಕಟ್ಟಿಕೊಡುವ ಸಿದ್ಧ ಪ್ರೋಗ್ರಾಮಿನಲ್ಲಿ, ಮಾತ್ರ ಇದು ಚಾಲೂ. ನಾವು ದಿನವೂ ಪರೀಕ್ಷೆ ಮಾಡುವ ಬಿಲ್ಡಿನಲ್ಲಿ ಹಳೆಯ ಮೂರೇ.

ಚೆನ್ನಾಗಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.

ಎಲ್ಲ ಥರದ ಅಡ್ರೆಸ್ಸಿಗೂ ನೋಡಿದ್ದೀಯಾ ಎಂದು ಕೇಳಿದೆ. "ಟೆಸ್ಟೆಲ್ಲ ಪಾಸ್ ಆಗಿದೆ ಮಹಾತಾಯೀ. ಬಂದ ಮಾರನೇ ದಿನಾನೇ ಕೋಲು ಹಿಡ್ಕೋಬೇಡ."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಕಿರುಚಿದಳು. ಮ್ಯೂಟ್ ಮಾಡಿರಲಿಲ್ಲ. ಕರೆಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಮುಖ್ಯಸ್ಥರಾದ ಸಮಾಧಾನ ಸರ್, "ಮಗುವಿಗೂ ಸಮಾಧಾನ" ಎಂದರು. ಕಟ್ಟಡಕ್ಕೆ ಬೆಂಕಿ ಬಿದ್ದರೂ ಅವರ ಬಾಯಲ್ಲಿ ಬರುವುದು ಆ ಮಾತೇ. ಹೆಸರು ಬಂದದ್ದೂ ಹಾಗೇ.

ಈ ಚಿಪ್ಪು ಹೋಗುವುದು ತೂಕ ಕಡಿಮೆಯಿರುವ ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ. ಇಂದು ಗೊತ್ತಾಯಿತು. ಹಿಂದೆ ನಮ್ಮದು ನೀರಿನ ಪಂಪು, ಬೀದಿದೀಪ. ಪಂಪು ತಪ್ಪು ಮಾಡಿದರೆ ನೆಲ ಒದ್ದೆ, ಅಷ್ಟೇ.

ಜೂನ್ 5, ಗುರುವಾರ. ಸಂಜೆ 6

ಇವರು ಪಾಳಿಗೆ ಹೊರಡುವ ಮೊದಲು ಅರ್ಧ ಗಂಟೆ ನಮ್ಮಿಬ್ಬರ ಸಂಸಾರ. ಕೆಲಸ ಇಂಧನ ಡಿಪೋದಲ್ಲಿ. ಫೋನ್ ಗೇಟಿನ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಬೆಳಗಿನ ಜಾವ ಹೊರಗೆ ಬರುವ ತನಕ ಈ ಮನೆಗೆ ಅವರಿಲ್ಲ, ಅವರಿಗೆ ಈ ಮನೆಯಿಲ್ಲ.

ಬೂಟಿನ ದಾರ ಕಟ್ಟುತ್ತ, ಒಂದು ಅಡ್ರೆಸ್ಸನ್ನು ಎರಡು ತುಂಡು ಮಾಡುವುದಕ್ಕೆ ಇಷ್ಟು ಯೋಚನೆ ಏನು ಎಂದರು. ಗೋಡೆ ಗಡಿಯಾರ ತೋರಿಸಿದೆ. ಒಂಬತ್ತು ಹತ್ತು ಆದರೆ ಒಂಬತ್ತು ಹತ್ತು ಎನ್ನುತ್ತೇವೆ. ಒಂಬತ್ತು ಐವತ್ತಾದರೆ? ಹತ್ತಕ್ಕೆ ಹತ್ತು ನಿಮಿಷ ಕಡಿಮೆ. ನಿಮಿಷದ ಮುಳ್ಳು ಅರ್ಧ ದಾಟಿತೋ, ಹಿಂದಿನಿಂದ ಎಣಿಸುತ್ತೇವೆ. ಹಾಗೆ ಎಣಿಸುವಾಗ ಗಂಟೆಯನ್ನು ಒಂದು ಮುಂದೆ ಹಾಕುತ್ತೇವೆ, ಅಲ್ಲವೆ? ಚಿಪ್ಪೂ ಅಷ್ಟೇ. ಕೆಳತುಂಡು ಅರ್ಧ ದಾಟಿದರೆ ಅದನ್ನು "ಇಷ್ಟು ಕಡಿಮೆ" ಎಂದೇ ಓದುತ್ತದೆ. ಆಗ ಮೇಲ್ತುಂಡಿಗೆ ಒಂದು ಸೇರಿಸಬೇಕು. ಮರೆತರೆ ಒಂಬತ್ತಕ್ಕೆ ಹತ್ತು ಕಡಿಮೆ ಎಂದಂತೆ. ಸರಿಯಾಗಿ ಒಂದು ಗಂಟೆ ಹಿಂದೆ ಹೋಗಿ ನಿಲ್ಲುತ್ತೇವೆ, ಯಾರೂ ಇಲ್ಲದ ಬಸ್‌ಸ್ಟಾಪಿನಲ್ಲಿ.

"ಮರೆಯೋದ್ಯಾಕೆ ಮತ್ತೆ?"

ಅಷ್ಟು ಸುಲಭವಾಗಿ ಕೇಳಿ ಎದ್ದು ಹೋದರು. ಹೆಲ್ಮೆಟ್ ಮರೆತಿದ್ದರು. ವಾಪಸ್ ಬಂದಾಗ ಕೈಗೆ ಕೊಟ್ಟೆ.

ಜೂನ್ 6, ಶುಕ್ರವಾರ. ಎಷ್ಟು ಹೊತ್ತೋ

ಮಾನ ಹೋಯಿತು.

ಬೆಳಿಗ್ಗೆ ಆಫೀಸಿನಲ್ಲಿ ಗ್ರಾಹಕರ ಬಿಲ್ಡ್ ಹಾಕಿದ್ದ ಪರೀಕ್ಷೆಯ ಬೋರ್ಡು ಪದೇಪದೇ ನಿಂತುಹೋಗುತ್ತಿತ್ತು. ಗಡ್ಡನ ಉಪಾಯದ್ದೇ ತಪ್ಪು ಎಂದುಕೊಂಡೆ. ಎಲ್ಲರಿಗೂ ಬರೆದೆ: ಬಿಲ್ಡ್ ನಿಲ್ಲಿಸಿ, ಯಾರಿಗೂ ಕಳಿಸಬೇಡಿ. ದೊಡ್ಡ ಅಕ್ಷರದಲ್ಲಿ. ಪೆಟ್ಟಿಗೆ ತಯಾರಿಸುವ ಕಂಪನಿಯವರೂ ಆ ಮೇಲ್ ನೋಡಿದರು. ಮಧ್ಯಾಹ್ನದ ತನಕ ಇಡೀ ಗುಂಪು ಕೆಲಸ ಬಿಟ್ಟು ಹುಡುಕಿತು.

ಸಿಕ್ಕಿದ್ದು: ವಿದ್ಯುತ್ ಕೇಬಲ್ ಸಡಿಲ. ಗುಡಿಸುವಾಗ ಯಾರದೋ ಕಾಲು ತಗುಲಿತ್ತಂತೆ.

ಗಡ್ಡ ಸಡಿಲ ಕೇಬಲಿನ ಫೋಟೋ ತೆಗೆದು ಅದಕ್ಕೊಂದು ಕೆಂಪು ವೃತ್ತ ಹಾಕಿ ಗುಂಪಿಗೆ ಕಳಿಸಿದ. ಸಮಾಧಾನ ಸರ್ ನನ್ನೊಬ್ಬಳಿಗೇ ಫೋನ್ ಮಾಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನೋಡಮ್ಮಾ, ನನ್ನ ಹೆಂಡತಿಗೂ ಹೀಗೇ ಇತ್ತು. ಎಲ್ಲದಕ್ಕೂ ಗಾಬರಿ. ಬಾಣಂತಿ ಭಯ ಅಂತಾರೆ. ಚೆನ್ನಾಗಿ ನಿದ್ದೆ ಮಾಡು, ಹೋಗುತ್ತೆ."

ಏಳು ತಿಂಗಳಾದ ಮೇಲೆ ಯಾರೂ ಬಾಣಂತಿಯಲ್ಲ ಸರ್. ಎನ್ನಲಿಲ್ಲ. ಥ್ಯಾಂಕ್ಯೂ ಸರ್ ಎಂದೆ. ಥ್ಯಾಂಕ್ಯೂ! ನನ್ನ ನಾಲಗೆಗೆ ನಾನೇ ಬರೆ ಹಾಕಬೇಕು.

ಜೂನ್ 11, ಬುಧವಾರ

ಹಲ್ಲು ಬರುತ್ತಿದೆ. ಇನ್ಸ್‌ಪೆಕ್ಟರಿಗೆ. ನಿದ್ದೆ ಇಲ್ಲ. ಕೈಗೆ ಸಿಕ್ಕಿದ್ದೆಲ್ಲ ಕಚ್ಚುತ್ತಾಳೆ. ಮೌಸಿನ ಬಾಲ, ಅತ್ತೆಯ ಕನ್ನಡಕದ ಕಡ್ಡಿ, ನನ್ನ ಭುಜ.

ಜೂನ್ 12, ಗುರುವಾರ. ರಾತ್ರಿ

ಅತ್ತೆಗೂ ನನಗೂ ಒಂದು ಸುತ್ತು ಆಯಿತು. ಮಗು ಅಳುತ್ತಿದ್ದಳು, ನಾನು ಕರೆಯಲ್ಲಿದ್ದೆ. ಅತ್ತೆ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂರಿಸಿ, ಪರದೆಯಲ್ಲಿದ್ದವರಿಗೆಲ್ಲ ಕೇಳುವಂತೆ, ನಿಮ್ಮ ಮೀಟಿಂಗಿಗೆ ಇವಳನ್ನೂ ಸೇರಿಸಿಕೊಳ್ಳಿ, ಇವಳಿಗೂ ಹೇಳುವುದಿದೆ ಎಂದರು. ಕರೆ ಮುಗಿದ ಮೇಲೆ ನಾನು ಬಾಯಿಬಿಟ್ಟೆ. ಅವರೂ ಬಿಟ್ಟರು. ಮೂವತ್ತು ವರ್ಷ ಶಾಲೆಗೂ ಹೋಗಿ ಎರಡು ಮಕ್ಕಳನ್ನೂ ಸಾಕಿದೆನಲ್ಲ, ಯಾವ ಮಗುವೂ ನನ್ನ ಸೀಟಿ ಕಚ್ಚಲಿಲ್ಲ ಎಂದರು.

ಸಂಜೆ ಇವರಿಗೆ ಹೇಳಿದೆ. ಬೇಡವಾದರೆ ಕೆಲಸ ಬಿಟ್ಟುಬಿಡು ಎಂದರು. ಪ್ರೀತಿಯಿಂದಲೇ. ಅತ್ತೆ ಬಿಡು ಎಂದಿಲ್ಲ, ಗಡ್ಡ ಬಿಡು ಎಂದಿಲ್ಲ. ನನ್ನ ಮೇಲೆ ಅಕ್ಕರೆಯಿರುವ ಒಬ್ಬರೇ ಒಬ್ಬರು ಬಿಡು ಎನ್ನುತ್ತಾರೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ.

ನನಗೆ ಈ ಕೆಲಸ ಇಷ್ಟ. ಅಷ್ಟೇ. ಅಡ್ರೆಸ್ಸಿನ ಎರಡು ತುಂಡು ಕೊನೆಗೆ ಸರಿಯಾಗಿ ಕೂಡಿಕೊಂಡಾಗ ಆಗುವ ಖುಷಿ... ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

ಜೂನ್ 16, ಸೋಮವಾರ. ಸಂಜೆ

ಗ್ರಾಹಕರ ಬಿಲ್ಡ್ ಬಿಡುಗಡೆ ಆಯಿತು. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಶುಕ್ರವಾರ ಕಾರ್ಖಾನೆಯಲ್ಲಿ ಪ್ರೋಗ್ರಾಮನ್ನು ಚಿಪ್ಪಿಗೆ ಸುಡುತ್ತಾರೆ. ಸುಡುವುದು ಎಂದೇ ಹೇಳುವುದು. ಚಿಪ್ಪಿನೊಳಗಿನ ಸಣ್ಣ ಎಳೆಗಳು ನಿಜವಾಗಿಯೂ ಕರಗುತ್ತವೆ. ಒಮ್ಮೆ ಸುಟ್ಟರೆ ಸುಟ್ಟಿದ್ದೇ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅಗ್ಗದ ಚಿಪ್ಪು, ಅದಕ್ಕೇ.

ಗಡ್ಡನಿಗೆ ಎರಡು ವಾರ ರಜೆ. ಬೆಟ್ಟ ಹತ್ತಲು ಹೋಗುತ್ತಾನಂತೆ, ಸಿಗ್ನಲ್ ಇರುವುದಿಲ್ಲವಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು, ಸ್ವರ್ಗಕ್ಕೆ ಟಿಕೆಟ್ ಸಿಕ್ಕಿದ ಹಾಗೆ.

ನನಗೆ ನಿರಾಳ ಆಗಬೇಕಿತ್ತು. ಆಗಲಿಲ್ಲ. ಬಾಣಂತಿ ಭಯ ಇರಬೇಕು. ನೋಡು, ನಾನೇ ಹೇಳಲು ಶುರು ಮಾಡಿದೆ.

ಜೂನ್ 17, ಮಂಗಳವಾರ. ಮಧ್ಯಾಹ್ನ 12.30

ಕೂಡಲೇ ಬರೆಯುತ್ತೇನೆ. ಬರೆದರೆ ನಾನು ಕನಸು ಕಾಣುತ್ತಿಲ್ಲ ಎಂದಾದರೂ ಗೊತ್ತಾಗುತ್ತದೆ.

ಹಾಲು ಕುಡಿಸುತ್ತ, ಒಂದೇ ಕೈಯಲ್ಲಿ, ಬಿಡುಗಡೆ ಬಿಲ್ಡಿನ ಅಪ್ಪಣೆಗಳನ್ನು ಸುಮ್ಮನೆ ಕೆಳಗೆ ಜಾರಿಸುತ್ತಿದ್ದೆ. ಕಾದಂಬರಿ ಓದುವ ಹಾಗೆ. ಎಲ್ಲ ಅಡ್ರೆಸ್ಸೂ ಸರಿ. ಕೆಳತುಂಡು ಚಿಕ್ಕದು, ಚಿಕ್ಕದು, ಚಿಕ್ಕದು. ಆಮೇಲೆ ಒಂದು ದೊಡ್ಡದು. ಅರ್ಧ ದಾಟಿದ್ದು. ಅದರ ಮೇಲ್ತುಂಡು ನೋಡಿದೆ. ಒಂದು ಸೇರಿಸಿಲ್ಲ.

ಮತ್ತೆ ನೋಡಿದೆ. ಮಗುವನ್ನು ಇನ್ನೊಂದು ಕೈಗೆ ಬದಲಾಯಿಸಿ ಮತ್ತೆ ನೋಡಿದೆ. ಇಲ್ಲ.

ನನ್ನ ಮೂರು ಅಪ್ಪಣೆಯ ದಾರಿಯಲ್ಲಿ ಆ ಒಂದನ್ನು ಸೇರಿಸುವ ಸಾಲು ಇದೆ. ಗಡ್ಡ ತನ್ನ ಎರಡು ಅಪ್ಪಣೆಯ ದಾರಿಯಲ್ಲಿ ಮೇಲ್ತುಂಡನ್ನು ನೇರವಾಗಿ ಕತ್ತರಿಸಿಕೊಂಡಿದ್ದಾನೆ. ಆ ದಾರಿಗೆಂದು ಅವನೇ ಬರೆದ ಟೆಸ್ಟುಗಳಲ್ಲಿ ಅಡ್ರೆಸ್ಸುಗಳೆಲ್ಲ ದುಂಡು ದುಂಡಗೆ, ಕೆಳತುಂಡು ಒಂದೂ ಅರ್ಧ ಮುಟ್ಟುವುದಿಲ್ಲ. ಪಾಸಾಗದೆ ಏನಾಗುತ್ತದೆ! ನಾನೂ ಅದನ್ನು ಓದಿ, ಹೊಟ್ಟೆಕಿಚ್ಚುಪಟ್ಟು, ಸರಿ ಎಂದೆ.

ಆ ಅಡ್ರೆಸ್ಸಿನಲ್ಲಿ ಏನಿದೆ ಎಂದು ಪೆಟ್ಟಿಗೆ ಕಂಪನಿಯವರು ಕೊಟ್ಟ ಅಡ್ರೆಸ್ಸುಗಳ ಪಟ್ಟಿಯಲ್ಲಿ ನೋಡಿದೆ. ನೋಡಬಾರದಿತ್ತು. ನೋಡಲೇಬೇಕಿತ್ತು. ಶಾಖ ಅಳೆಯುವ ಮೊದಲನೇ ಸೆನ್ಸರ್ ಕೆಟ್ಟರೆ, ಪೆಟ್ಟಿಗೆ ವಿಪರೀತ ಕಾಯುವ ಮೊದಲೇ ಹೀಟರಿನ ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್ಚು. ಕಟ್ಟಕಡೆಯ ಸ್ವಿಚ್ಚು.

ಮಧ್ಯಾಹ್ನ 3.15

ಬರೀ ಓದಿ ಹೇಳಿದರೆ ಮತ್ತೆ ಕೇಬಲಿನ ಫೋಟೋ ಬರುತ್ತದೆ. ಅದಕ್ಕೇ ಮನೆಯಲ್ಲಿರುವ, ಅಳಿಸಿ ಬರೆಯಬಹುದಾದ ಚಿಕ್ಕ ಪರೀಕ್ಷೆಯ ಬೋರ್ಡಿಗೆ ಬಿಡುಗಡೆ ಬಿಲ್ಡನ್ನೇ ಹಾಕಿದೆ. ಹೀಟರಿನ ಬದಲು ಒಂದು ಕೆಂಪು ದೀಪ. ಎಲ್ಲ ಕೇಬಲನ್ನೂ ಕೈಯಾರೆ ಒತ್ತಿ ನೋಡಿದೆ, ಒಂದೂ ಸಡಿಲವಿಲ್ಲ. ಸೆನ್ಸರಿನ ತಂತಿ ಕಿತ್ತೆ. ದೀಪ ಆರಬೇಕು.

ಆರಲಿಲ್ಲ.

ಹಳೆಯ ಬಿಲ್ಡ್ ಹಾಕಿ ತಂತಿ ಕಿತ್ತೆ. ತಟ್ಟನೆ ಆರಿತು. ಮತ್ತೆ ಬಿಡುಗಡೆಯದು. ಉರಿಯುತ್ತಲೇ ಇದೆ. ಸೊನ್ನೆ ಹೋಗಿ ಬಿದ್ದದ್ದು ನಾಲ್ಕು ಸಾವಿರ ಚಿಲ್ಲರೆ ಅಡ್ರೆಸ್ಸುಗಳಷ್ಟು ಹಿಂದೆ, ಏನೂ ಇಲ್ಲದ ಖಾಲಿ ಜಾಗದಲ್ಲಿ. ದೂರಿಲ್ಲ, ಸದ್ದಿಲ್ಲ. ಯಂತ್ರಕ್ಕೆ ತನಗೆ ಹೇಳಿದ ಕೆಲಸ ಮಾಡಿದ ತೃಪ್ತಿ.

ಇನ್ಸ್‌ಪೆಕ್ಟರಿಗೆ ಕೆಂಪು ದೀಪ ಬಹಳ ಹಿಡಿಸಿತು. ಎರಡು ಕೈಯಲ್ಲೂ ಚಪ್ಪಾಳೆ ತಟ್ಟಿದಳು. ಮೊದಲನೇ ಸಲ ತಟ್ಟಿದ್ದು. ಸಂತೋಷಪಡಲೂ ಆಗಲಿಲ್ಲ.

ಸಂಜೆ 7.40

ಇಲ್ಲಿಯ ತನಕ ಆದದ್ದು. ಗಡ್ಡನ ಫೋನ್ ಸ್ವಿಚ್ ಆಫ್, ಬೆಟ್ಟ. ಅವನಿಗೂ ಸರ್‌ಗೂ ಮೇಲ್ ಬರೆದೆ, ವಿಡಿಯೋ ಸಹಿತ, ಸಣ್ಣ ಅಕ್ಷರದಲ್ಲಿ, ಆದಷ್ಟು ತಣ್ಣಗೆ. ಉತ್ತರವಿಲ್ಲ. ಆರು ಗಂಟೆಗೆ ಕಾರ್ಖಾನೆಯಿಂದ ಎಲ್ಲರಿಗೂ ಒಂದು ಸಾಲಿನ ಸೂಚನೆ: ಮೆಷಿನ್ ಬೇಗ ಖಾಲಿಯಾದ ಕಾರಣ ಸುಡುವುದನ್ನು ಶುಕ್ರವಾರದ ಬದಲು ನಾಳೆ ಬುಧವಾರ ಬೆಳಗಿನ ಆರು ಗಂಟೆಯ ಪಾಳಿಗೆ ಹಾಕಲಾಗಿದೆ.

ನಾಳೆ.

ಸಮಾಧಾನ ಸರ್‌ಗೆ ಫೋನ್ ಮಾಡಿದೆ. ಊರಿಗೆ ವಾಪಸ್ ಬರಲು ವಿಮಾನ ನಿಲ್ದಾಣದಲ್ಲಿದ್ದರು, ಹಿಂದೆ ಘೋಷಣೆಗಳ ಗದ್ದಲ. ಹೇಳಿದೆ, ಸರ್, ಸುಡುವುದನ್ನು ನಿಲ್ಲಿಸಬೇಕು, ಕೊನೆಯ ಸ್ವಿಚ್ಚು ಕೆಲಸ ಮಾಡುತ್ತಿಲ್ಲ, ನಾನೇ ಕಣ್ಣಾರೆ ನೋಡಿದೆ. ಮೂರು ಸಲ ಹೇಳಿದೆ.

"ಕೇಬಲ್ ನೋಡಿದ್ಯಾ?"

ನೋಡಿದೆ ಸರ್.

"ಸಹಿ ಹಾಕಿದ್ದೀಯಲ್ಲಮ್ಮಾ ನೀನೇ ನಿನ್ನೆ. ಆ ಸ್ವಿಚ್ಚನ್ನ ಟೆಸ್ಟ್ ಮಾಡಿ ಎರಡು ತಿಂಗಳಾಯ್ತು, ಪಾಸ್ ಆಗಿದೆ."

ಅದು ಹಳೆಯ ಬಿಲ್ಡಿನಲ್ಲಿ ಸರ್, ಎಂದೆ. ಅದರಲ್ಲಿ ಮೂರು ಅಪ್ಪಣೆ, ಇದರಲ್ಲಿ ಎರಡು... ನನ್ನ ದನಿ ಏರಿತು. ಏರಬಾರದಿತ್ತು. ಏರಿದ ಕೂಡಲೇ ಅವರ ದನಿ ಇಳಿಯಿತು, ಮಗುವಿಗೆ ಜೋಗುಳ ಹೇಳುವವರ ಹಾಗೆ.

"ಸಮಾಧಾನ. ಹೋದ ಸಲಾನೂ ಹೀಗೇ ಆಯ್ತು. ಗ್ರಾಹಕರ ಮುಂದೆ ಎರಡನೇ ಸಲ ತಲೆ ತಗ್ಗಿಸೋಕೆ ನನ್ನಿಂದ ಆಗಲ್ಲ. ಮಲಗು. ಬೆಳಿಗ್ಗೆ ಹತ್ತು ಗಂಟೆಗೆ ಕೂತು ನೋಡೋಣ."

ಹತ್ತು ಗಂಟೆಗೆ ಏನು ನೋಡುವುದು, ಬೂದಿಯನ್ನೇ? ಕೇಳುವಷ್ಟರಲ್ಲಿ ವಿಮಾನ ಹತ್ತಿದರು. ಇಳಿಯುವುದು ಬೆಳಗಿನ ಜಾವ ನಾಲ್ಕಕ್ಕೆ.

ಇಲಿ ಬಂತು ಎಂದು ಒಮ್ಮೆ ಕೂಗಿದವಳು ಈಗ ಹುಲಿ ಬಂತು ಎಂದರೂ ಬೆಕ್ಕನ್ನೇ ಕಳಿಸುತ್ತಾರೆ.

ಕಾರ್ಖಾನೆಗೆ ಮಾಡಿದೆ. ಗೇಟಿನ ಕಾವಲಿನವರು ಎತ್ತಿದರು, ಒಳ್ಳೆಯ ಮನುಷ್ಯ, ಪಾಪ. ಒಳಗಿನ ಮೇಲ್ವಿಚಾರಕರು ಬರುವುದು ಐದೂವರೆಗೆ. ಸುಡುವುದನ್ನು ನಿಲ್ಲಿಸಲು ನಿಮ್ಮ ಮುಖ್ಯಸ್ಥರೇ ಬಾಯಿಬಿಟ್ಟು ಹೇಳಬೇಕು, ಬೇರೆ ಯಾರು ಹೇಳಿದರೂ ನಿಲ್ಲುವುದಿಲ್ಲ, ಹಾಗೆಂದು ಗೋಡೆಯ ಮೇಲೇ ಬರೆದಿದೆ ಎಂದರು. ಪೆಟ್ಟಿಗೆ ಕಂಪನಿಯ ನಂಬರಿನಲ್ಲಿ ಸಂಗೀತ. ಕೆಲಸದ ವೇಳೆಯಲ್ಲಿ ಕರೆ ಮಾಡಿ ಎಂಬ ದನಿ. ಮತ್ತೆ ಸಂಗೀತ.

ಮುಂದೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಇಲ್ಲ. ಸುಟ್ಟ ಚಿಪ್ಪಿಗೆ ಮಾಡುವ ಪರೀಕ್ಷೆ ಎರಡೇ, ಹೀಟರ್ ಹೊತ್ತುತ್ತದೆಯೇ, ಅಂಕಿ ಕಾಣುತ್ತದೆಯೇ. ಎರಡೂ ಚೆನ್ನಾಗಿಯೇ ಆಗುತ್ತವೆ. ಆಮೇಲೆ ಪೆಟ್ಟಿಗೆಗಳು ಹೋಗುತ್ತವೆ. ಎಲ್ಲೋ ಒಂದು ಕಡೆ ಯಾವುದೋ ಒಂದು ಸೆನ್ಸರ್ ಕೆಡುತ್ತದೆ. ಒಳಗೆ ಕೂಗಲೂ ಶಕ್ತಿಯಿಲ್ಲದ ಒಂದು ಕೂಸು ಇರುತ್ತದೆ.

ರಾತ್ರಿ 1.30

ಬಾಲ ಸುಟ್ಟ ಬೆಕ್ಕಿನಂತೆ ಮನೆ ತುಂಬ ಓಡಾಡುತ್ತಿದ್ದೆ. ಅತ್ತೆ ಎದ್ದು ಬಂದು ದೀಪ ಹಾಕಿದರು. ಬೈಯುತ್ತಾರೆ ಎಂದುಕೊಂಡು ನಾನೇ ಎಲ್ಲ ಹೇಳಿಬಿಟ್ಟೆ. ಪೆಟ್ಟಿಗೆ, ಸ್ವಿಚ್ಚು, ಸರ್, ಬಾಣಂತಿ, ಎಲ್ಲ. ಕಾರ್ಖಾನೆ ಎಷ್ಟು ದೂರ ಎಂದು ಕೇಳಿದರು. ಕಾರಿನಲ್ಲಿ ಮೂರು ಗಂಟೆ. ಅಲ್ಲಿಗೇ ಹೋಗಿ ಗೇಟಿನಲ್ಲಿ ಕೂರೋಣ ಎನಿಸುತ್ತಿದೆ, ಬೋರ್ಡು ದೀಪ ಎಲ್ಲ ತೆಗೆದುಕೊಂಡು ಹೋಗಿ ಆ ಮೇಲ್ವಿಚಾರಕರ ಕಣ್ಣೆದುರೇ ತಂತಿ ಕಿತ್ತು ತೋರಿಸೋಣ ಎನಿಸುತ್ತಿದೆ, ಆದರೆ ಮಗು, ಎಂದೆ. ಹುಟ್ಟಿದ ಮೇಲೆ ಒಂದು ರಾತ್ರಿಯೂ ಅವಳನ್ನು ಬಿಟ್ಟವಳಲ್ಲ ನಾನು.

"ಹೋಗಮ್ಮಾ. ನೀನು ಇಲ್ಲಿದ್ರೂ ಯಾರನ್ನೂ ಮಲಗೋಕೆ ಬಿಡಲ್ಲ."

ಹೇಳಿ, ನನ್ನ ಕೋಟು ತಂದು ಕುರ್ಚಿಯ ಮೇಲೆ ಹಾಕಿದರು. ಹಾಲು ತೆಗೆದಿಡು, ಎಷ್ಟು ಬೆಚ್ಚಗೆ ಮಾಡಬೇಕು ನನಗೆ ಗೊತ್ತು ಎಂದರು.

ಟ್ಯಾಕ್ಸಿಗೆ ಹೇಳಿದ್ದೇನೆ. ಹತ್ತು ನಿಮಿಷವಂತೆ.

1.45

ಇದು ನಿಮಗೆ.

ರೀ, ಈ ಪುಸ್ತಕವನ್ನು ಯಾರೂ ಓದಬಾರದು ಎಂದಿದ್ದೆ. ಈಗ ನಿಮ್ಮ ದಿಂಬಿನ ಮೇಲೆ ತೆರೆದಿಟ್ಟು ಹೋಗುತ್ತಿದ್ದೇನೆ. ನಿಮ್ಮ ಫೋನಿಗೂ ಮೆಸೇಜ್ ಹಾಕಿದ್ದೇನೆ. ಆದರೆ ಅದು ಲಾಕರಿನಿಂದ ಹೊರಗೆ ಬರುವಷ್ಟರಲ್ಲಿ ಯಾವತ್ತೂ ಚಾರ್ಜ್ ಇಲ್ಲದೆ ಸತ್ತಿರುತ್ತದೆ, ನನಗೆ ಗೊತ್ತು. ಐದು ಗಂಟೆಗೆ ನೀವು ಬಂದು ಬೂಟು ಬಿಚ್ಚಿ ನೇರ ದಿಂಬಿಗೆ ಬರುತ್ತೀರಿ. ಮಲಗಬೇಡಿ. ದಯವಿಟ್ಟು ಇದೊಂದು ದಿನ ಮಲಗಬೇಡಿ. ಚಾರ್ಜರ್ ದಿಂಬಿನ ಪಕ್ಕದಲ್ಲೇ ಚುಚ್ಚಿಟ್ಟಿದ್ದೇನೆ.

ಇವತ್ತಿನ ಪುಟ ಓದಿ. ಮಧ್ಯಾಹ್ನದಿಂದ ಓದಿ. ಹನ್ನೆರಡನೇ ತಾರೀಖಿನದು ಓದಬೇಡಿ. ಓದಿದರೆ ಆಮೇಲೆ ಜಗಳವಾಡೋಣ.

ನಿಮ್ಮಿಂದ ಆಗಬೇಕಾದದ್ದು ಒಂದೇ. ನಮ್ಮ ಸರ್‌ಗೆ ಫೋನ್ ಮಾಡಬೇಕು. ಹೆರಿಗೆಯ ದಿನ ಅವರು ನಿಮಗೆ ಮಾಡಿದ್ದರಲ್ಲ, ನಿಮ್ಮ ಫೋನಿನಲ್ಲಿ ಅವರ ನಂಬರಿದೆ, ಅವರ ಫೋನಿನಲ್ಲಿ ನಿಮ್ಮದಿದೆ. ನಾಲ್ಕಕ್ಕೆ ಇಳಿದಿರುತ್ತಾರೆ. ದಾರಿಯುದ್ದಕ್ಕೂ ನಾನೂ ಮಾಡುತ್ತೇನೆ, ಆದರೆ ನನ್ನ ಹೆಸರು ಕಂಡರೆ ಎತ್ತುವುದಿಲ್ಲ. ಎತ್ತಿದರೂ ಸಮಾಧಾನ ಎನ್ನುತ್ತಾರೆ. ಗೇಟಿನೊಳಗೆ ಹೋದ ಮೇಲೆ ನನ್ನ ಕೈಯಲ್ಲೂ ಫೋನ್ ಇರುವುದಿಲ್ಲ, ಅಲ್ಲೂ ತೆಗೆದಿಡುತ್ತಾರಂತೆ.

ನಾನು ಹೇಳಿದರೆ ಬಾಣಂತಿ ಭಯ. ಅದೇ ಮಾತು, ಅಕ್ಷರ ಬದಲಾಗದೆ, ನಿಮ್ಮ ದನಿಯಲ್ಲಿ ಹೋದರೆ ಕೇಳುತ್ತಾರೆ. ಕಂಪೈಲರ್ ಎಂದರೇನೆಂದು ನೆಟ್ಟಗೆ ಗೊತ್ತಿಲ್ಲದ ನಿಮ್ಮ ದನಿಯಲ್ಲಿ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತಿದೆ. ಉರಿಯಲಿ. ಇವತ್ತು ನನಗೆ ನ್ಯಾಯ ಬೇಡ, ಫೋನ್ ಬೇಕು.

ಏನೂ ವಿವರಿಸಬೇಡಿ. ತುಂಡು, ಅರ್ಧ, ಯಾವುದೂ ಬೇಡ. ತಪ್ಪಿ ಹೇಳಿದರೆ ಅದನ್ನೇ ಹಿಡಿದುಕೊಳ್ಳುತ್ತಾರೆ. ಇಷ್ಟೇ ಹೇಳಿ: ಅವಳು ಕಾರ್ಖಾನೆಯಲ್ಲಿದ್ದಾಳೆ, ಒಂದು ದಿನ ತಡೆಯಿರಿ, ಅವಳು ತಪ್ಪಾಗಿದ್ದರೆ ಅವಳೇ ಕೆಲಸ ಬಿಡುತ್ತಾಳೆ. ಹೂಂ, ಹಾಗೇ ಹೇಳಿ. ಬಿಟ್ಟುಬಿಡು ಎಂದಿದ್ದಿರಲ್ಲ, ಆ ಮಾತನ್ನು ಇಲ್ಲಿ ಖರ್ಚು ಮಾಡಿ.

ಎತ್ತದಿದ್ದರೆ ಮತ್ತೆ ಮಾಡಿ. ಕಟ್ ಮಾಡಿದರೆ ಮತ್ತೆ ಮಾಡಿ. ಅವರ ಹೆಂಡತಿ ಎತ್ತಿದರೆ ಅವರಿಗೇ ಹೇಳಿ, ಬಹುಶಃ ಅವರಿಗೇ ಬೇಗ ಅರ್ಥವಾಗುತ್ತದೆ.

ಮಗು ಎಡಮಗ್ಗುಲಿಗೆ ಮಲಗಿದ್ದಾಳೆ. ಎದ್ದರೆ ಅತ್ತೆಯ ಹತ್ತಿರ ಹಾಲಿದೆ. ಅಳುತ್ತಾಳೆ, ಅಳಲಿ, ಎತ್ತಿಕೊಂಡೇ ಫೋನ್ ಮಾಡಿ, ಅಳುವುದು ಅವರಿಗೂ ಕೇಳಲಿ.

ಕೆಳಗೆ ಹಾರ್ನ್ ಆಗುತ್ತಿದೆ. ಇಳಿಯುತ್ತೇನೆ. ರೀ, ಇದನ್ನು ಓದಿದ ತಕ್ಷಣ, ದಿಂಬಿಗೆ ತಲೆ ಕೊಡುವ ಮೊದಲೇ, ಬೆಳಕಾಗುವ ಮೊದಲೇ, ಕೈಮುಗಿದು ಕೇಳಿಕೊಳ್ಳುತ್ತೇನೆ, ಒಂದೇ ಒಂದು ಫೋನ್—